ಬ್ಯಾಟರಿ ತುಂಬಿದೆ, ಕರೆಂಟ್ ಯಾಕೆ ಹೋಯ್ತು?

ಇವತ್ತು ಆರ್‌ವಿ, ಅಂದ್ರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿಯ ಬ್ಯಾಟರಿ ಬಗ್ಗೆ ಮಾತಾಡೋಣ.

ಹೋದ ಬೇಸಿಗೆಯಲ್ಲಿ ಬಾಡಿಗೆ ಆರ್‌ವಿ ತಗೊಂಡು ಮನೆಯವರೆಲ್ಲ ಅಮೆರಿಕದ ಯೂಟಾ ರಾಜ್ಯದ ಮೋಆಬ್ ಕಡೆ ಹೋಗಿದ್ವಿ. ಊರಿಂದ ಅಪ್ಪ ಅಮ್ಮನೂ ಬಂದಿದ್ರು. ರಾತ್ರಿ ಹುಳಿ ಬಿಸಿ ಮಾಡೋಣ ಅಂತ ಮೈಕ್ರೋವೇವ್ ಹಾಕಿದ್ದೇ ತಡ, ಇಡೀ ಗಾಡಿ ಕತ್ತಲು. ಒಂದು ನಿಮಿಷ ಮುಂಚೆ ಮೀಟರ್ 78% ತೋರಿಸ್ತಿತ್ತು. ಕತ್ತಲಿಗಿಂತ ದೊಡ್ಡ ಚಿಂತೆ ಫ್ರಿಜ್‌ದು. ಅದರೊಳಗೆ ಅಪ್ಪನ ಇನ್ಸುಲಿನ್ ಇತ್ತು.

ಇನ್ಸುಲಿನ್ ಒಂದು ಪ್ರೋಟೀನ್. ತೆರೆಯದ ಶೀಶೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಸೆಖೆಯಲ್ಲೂ ಕೆಡುತ್ತೆ, ಹೆಪ್ಪುಗಟ್ಟಿದರೂ ಕೆಡುತ್ತೆ. ಐಸ್ ಡಬ್ಬಿಯಲ್ಲಿ ಐಸ್ ತಾಗದಂತೆ ಟವೆಲ್ ಸುತ್ತಿಟ್ಟು, ಆಮೇಲೆ ಬ್ಯಾಟರಿ ಕಡೆ ತಿರುಗಿದ್ವಿ.

ಅನೇಕ ಆರ್‌ವಿಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುತ್ತೆ. ಸುಮಾರು 3.2 ವೋಲ್ಟ್‌ನ ನಾಲ್ಕು ಕೋಶಗಳು ಸೇರಿ 12.8 ವೋಲ್ಟ್. ಒಳಗೆ ಬಿಎಂಎಸ್ ಅನ್ನೋ ಕಾವಲುಗಾರ ಸರ್ಕ್ಯೂಟ್ ಕೂತಿರುತ್ತೆ. ಕರೆಂಟ್ ಮಿತಿ ಮೀರಿದರೆ, ಒಂದೇ ಒಂದು ಕೋಶ ಸುಮಾರು 2.5 ವೋಲ್ಟ್‌ಗೆ ಇಳಿದರೆ, ಅಥವಾ ವಿಪರೀತ ಬಿಸಿಯಾದರೆ ಅದು ಬ್ಯಾಟರಿಯನ್ನೇ ಕಡಿದುಬಿಡುತ್ತೆ.

ನಮ್ಮ ಲೆಕ್ಕ ನೋಡಿ. ಪೆಟ್ಟಿಗೆ ಮೇಲೆ 1000 ವ್ಯಾಟ್ ಅಂತ ಬರೆದಿರುವ ಮೈಕ್ರೋವೇವ್ ನಿಜಕ್ಕೂ ಎಳೆಯೋದು ಸುಮಾರು 1500 ವ್ಯಾಟ್. ಇನ್ವರ್ಟರ್‌ನಲ್ಲಿ ಹತ್ತನೇ ಒಂದು ಭಾಗ ಸೋರಿದರೆ ಬ್ಯಾಟರಿಯಿಂದ ಸುಮಾರು 1670 ವ್ಯಾಟ್ ಬರಬೇಕು. 12.8ರಿಂದ ಭಾಗಿಸಿ: 130 ಆಂಪಿಯರ್! ನಮ್ಮದು 100 ಆಂಪಿಯರ್-ಅವರ್ ಬ್ಯಾಟರಿ, ಅದರ ಬಿಎಂಎಸ್ ಮಿತಿಯೂ 100 ಆಂಪಿಯರ್. ಟ್ಯಾಂಕ್ ತುಂಬಿತ್ತು, ಆದರೆ ನಲ್ಲಿ ಸಣ್ಣದು.

ಪವರ್ 50%ಗೆ ಇಳಿಸಿದರೆ ಸರಿಹೋಗುತ್ತೆ ಅಂದ್ಕೊಂಡ್ವಿ, ಆಗಲಿಲ್ಲ. ಸಾಧಾರಣ ಮೈಕ್ರೋವೇವ್ 50% ಅಂದ್ರೆ ಅರ್ಧ ಶಕ್ತಿ ಅಲ್ಲ. ಪೂರ್ತಿ ಶಕ್ತಿಯಲ್ಲಿ ಅರ್ಧ ಹೊತ್ತು ಓಡೋದು, ಅಷ್ಟೇ.

ನಿಮಗೂ ಹೀಗಾದರೆ ಮೊದಲು ಒಂದೇ ಪ್ರಶ್ನೆ ಕೇಳಿ: ಗಾಡಿಯ 12 ವೋಲ್ಟ್ ದೀಪ ಉರೀತಿದ್ಯಾ?

ದೀಪವೂ ಹೋಗಿದ್ರೆ ಬಹುಮಟ್ಟಿಗೆ ಬಿಎಂಎಸ್ ಕಡಿದಿದೆ. ಎಲ್ಲ ಉಪಕರಣ ಆರಿಸಿ ಸ್ವಲ್ಪ ಹೊತ್ತು ಕಾಯಿರಿ. ಕೆಲವು ಬ್ಯಾಟರಿ ತಾನೇ ಏಳುತ್ತೆ, ಕೆಲವಕ್ಕೆ ಚಾರ್ಜರ್ ಕೊಟ್ಟು ಎಬ್ಬಿಸಬೇಕು. ದೊಡ್ಡ ಉಪಕರಣ ಹಾಕಿದಾಗ ಮಾತ್ರ ಹೋಗ್ತಿದ್ರೆ ಬಹುಮಟ್ಟಿಗೆ ಕರೆಂಟ್ ಮಿತಿಯೇ ಕಾರಣ. ಸಣ್ಣ ಹೊರೆಗೂ ಹೋಗ್ತಿದ್ರೆ ಒಂದು ಕೋಶ ಬೇರೆಯವಕ್ಕಿಂತ ಬೇಗ ಖಾಲಿಯಾಗ್ತಿರಬಹುದು.

ದೀಪ ಉರೀತಿದ್ರೆ ಬಹುಮಟ್ಟಿಗೆ ಬ್ಯಾಟರಿ ತಪ್ಪಲ್ಲ. ಇನ್ವರ್ಟರ್ ನಿಂತಿದೆ, ಇಲ್ಲವೇ ಅದರ ಫ್ಯೂಸ್ ಹೋಗಿದೆ. ಇನ್ವರ್ಟರ್ ನಿಲ್ಲೋದಕ್ಕೆ ಕಾರಣ ಅನೇಕ ಸಲ ತೆಳು ಕೇಬಲ್ ಅಥವಾ ಸಡಿಲ ನಟ್ಟು. ದಾರಿಯಲ್ಲಿ 0.01 ಓಮ್ ತಡೆ ಇದ್ರೂ 130 ಆಂಪಿಯರ್‌ಗೆ 1.3 ವೋಲ್ಟ್ ಅಲ್ಲೇ ಕರಗುತ್ತೆ. ಬ್ಯಾಟರಿ ಹತ್ತಿರ 12.4 ವೋಲ್ಟ್ ಇದ್ರೂ ಇನ್ವರ್ಟರ್‌ಗೆ ಸಿಗೋದು 11.1. ಜೊತೆಗೆ ಸುಮಾರು 169 ವ್ಯಾಟ್ ಶಾಖ, ಬೆಂಕಿಯ ಅಪಾಯ. ಹೊರೆ ಓಡ್ತಿರುವಾಗ ಮಲ್ಟಿಮೀಟರಿನಲ್ಲಿ ಎರಡೂ ತುದಿ ಅಳೆದರೆ ಗುಟ್ಟು ಹೊರಬೀಳುತ್ತೆ. ಹೊರೆ ಇಲ್ಲದೆ ಅಳೆದರೆ ಎಲ್ಲವೂ ಸರಿಯಾಗೇ ಕಾಣುತ್ತೆ.

ಚಳಿನಾಡಿನವರಿಗೆ ಒಂದು ಮಾತು: ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಲೇಪದಂತೆ ಕೂತು ಶಾಶ್ವತ ಹಾನಿ. ಚಾರ್ಜ್ ಆಗ್ತಿಲ್ಲ ಅಂದ್ರೆ ಕಾವಲುಗಾರ ಕೆಲಸ ಮಾಡ್ತಿದ್ದಾನೆ ಅಂತಲೇ ಇರಬಹುದು. ಅವನನ್ನು ದಾಟಿ ವೈರ್ ಎಳೀಬೇಡಿ.

ನಮ್ಮ ರಾತ್ರಿ ಹೀಗೆ ಮುಗೀತು: ಮೈಕ್ರೋವೇವ್ ಪ್ಲಗ್ ಕಿತ್ತು ಕಾದ್ವಿ, ದೀಪ ಬಂತು, ಫ್ರಿಜ್ ಗುಂಯ್ ಅಂತು. ಹುಳಿ ಗ್ಯಾಸ್ ಒಲೆ ಮೇಲೆ ಕುದೀತು. ಇನ್ಸುಲಿನ್ ಕೆಡಲಿಲ್ಲ. ಆದರೂ ಅವತ್ತಿಂದ ಒಂದು ನಿಯಮ ಮಾಡ್ಕೊಂಡ್ವಿ: ಔಷಧಿ ಜೊತೆಗಿದ್ರೆ, ಕರೆಂಟ್ ಬೇಡದ ಐಸ್ ಡಬ್ಬಿಯೊಂದು, ಅದರಲ್ಲೊಂದು ಥರ್ಮಾಮೀಟರ್ ಜೊತೆಗಿರಲೇಬೇಕು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.