ಲಾಂಗ್ ಟರ್ಮ್: ಓಣಿಯ ಮಾತು, ನಿಯಮದ ಮಾತು

ನೀಟ್ ಫಲಿತಾಂಶ ಬಂದ ಮರುದಿನದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಅಂದು ಬೆಂಚಿನ ಮೇಲೆ ಕೂತಿದ್ದವರು ಈಗ ಅಪ್ಪ ಅಮ್ಮಂದಿರಾಗಿದ್ದಾರೆ. “ಸರ್, ಮಗಳು ಇನ್ನೊಂದು ಸಲ ಬರೀತೀನಿ ಅಂತಿದ್ದಾಳೆ. ಲಾಂಗ್ ಟರ್ಮ್ ಕೋಚಿಂಗಿಗೆ ಹಾಕೋದಾ, ಸಿಕ್ಕಿದ ಕೋರ್ಸಿಗೆ ಸೇರಿಸಿಬಿಡೋದಾ?” ಹಿಂದಿನಿಂದ ಅಮ್ಮನ ದನಿ: “ಒಂದು ವರ್ಷ ದಂಡ ಆಗಲ್ವಾ, ಕೇಳ್ರೀ.” ಮಗಳ ದನಿ ಮಾತ್ರ ಕೇಳಿಸುವುದಿಲ್ಲ. ಹದಿನೆಂಟು ತುಂಬಿದೆ, ಓಟು ಹಾಕಬಹುದು, ಆದರೆ ಅವಳದೇ ವರ್ಷದ ಬಗ್ಗೆ ಅವಳನ್ನೇ ಯಾರೂ ಕೇಳುತ್ತಿಲ್ಲ.

ಇಷ್ಟು ವರ್ಷ ಈ ಕರೆಗಳನ್ನು ಕೇಳಿ ನನಗೆ ಗೊತ್ತಾದದ್ದು ಒಂದು. ಓಣಿಯವರು ಹೆದರಿಸುವ ಕಡೆ ನಿಜಕ್ಕೂ ಹೆದರುವಂಥದ್ದು ಏನೂ ಇರುವುದಿಲ್ಲ. ಎಚ್ಚರ ಬೇಕಾದದ್ದು ಬೇರೆಲ್ಲೋ, ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ತಪ್ಪು ಕಲ್ಪನೆ: “ಮೂರು ಸಲದ ಮೇಲೆ ಬರೆಯೋ ಹಾಗಿಲ್ಲ, ವಯಸ್ಸೂ ಮೀರಿಹೋಗುತ್ತೆ.”

ನೀಟ್-ಯುಜಿಯನ್ನು ಎಷ್ಟು ಸಲವಾದರೂ ಬರೆಯಬಹುದು. ಹಿಂದೆ ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 30 ವರ್ಷದ ಗರಿಷ್ಠ ಮಿತಿ ಇತ್ತು. ಅದು ಕೋರ್ಟಿನ ಮೆಟ್ಟಿಲೇರಿತು, ಕೊನೆಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಿತಿಯನ್ನೇ ತೆಗೆದುಹಾಕಿತು. ಉಳಿದಿರುವುದು ಕನಿಷ್ಠ ವಯಸ್ಸು ಮಾತ್ರ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮುಂದೆ ಸರ್ಕಾರಿ ಕೆಲಸಕ್ಕೆ ತೊಂದರೆಯಾದೀತೆಂಬ ಭಯಕ್ಕೂ ಲೆಕ್ಕವಿದೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಹತ್ತೊಂಬತ್ತಕ್ಕೆ ಸೇರಿದವಳು ಇಪ್ಪತ್ತೈದರ ಹೊತ್ತಿಗೆ ಡಾಕ್ಟರು. ಯುಪಿಎಸ್‌ಸಿ ನಡೆಸುವ ಸಂಯುಕ್ತ ವೈದ್ಯಕೀಯ ಸೇವೆಗಳ ಪರೀಕ್ಷೆಗೆ ಸಾಮಾನ್ಯ ಮಿತಿಯೇ 32.

ದಾಖಲೆ ಪರಿಶೀಲನೆಯಲ್ಲಿ “ಈ ಒಂದು ವರ್ಷ ಏನು ಮಾಡಿದೆ?” ಎಂದು ಕೇಳಿದರೆ ಕೊಡಲು ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಒಂದು ಪ್ರಮಾಣಪತ್ರ ಸಾಕಾಗುತ್ತದೆ. ಗ್ಯಾಪ್ ಸರ್ಟಿಫಿಕೇಟ್ ಎನ್ನುತ್ತಾರಲ್ಲ, ಅದೇ.

ತಪ್ಪು ಕಲ್ಪನೆ: “ಜಾಣರಿಗೆ ಮೊದಲ ಸಲವೇ ಸಿಗುತ್ತೆ. ರಿಪೀಟರ್ ಅಂದ್ರೆ ಅಷ್ಟಕ್ಕಷ್ಟೇ.”

2025ರ ಮೇ 4ರಂದು ಪರೀಕ್ಷೆ ಬರೆದವರು 22 ಲಕ್ಷ. ದೇಶದಲ್ಲಿರುವ ಎಂಬಿಬಿಎಸ್ ಸೀಟು ಒಂದೂಕಾಲು ಲಕ್ಷದ ಆಸುಪಾಸು. ಮಧ್ಯಮ ವರ್ಗದ ಕೈಗೆಟಕುವ ಸರ್ಕಾರಿ ಶುಲ್ಕದ ಸೀಟು ಅದಕ್ಕಿಂತಲೂ ಎಷ್ಟೋ ಕಡಿಮೆ. ಇಂಥ ಪರೀಕ್ಷೆಯಲ್ಲಿ ಸೀಟು ಸಿಗದವರನ್ನೆಲ್ಲ ದಡ್ಡರೆನ್ನುವುದಾದರೆ ದೇಶದ ಮುಕ್ಕಾಲು ಪಾಲು ಪಿಯು ವಿಜ್ಞಾನದ ಮಕ್ಕಳು ದಡ್ಡರೇ.

ನೆರೆಯ ತಮಿಳುನಾಡಿನ ಲೆಕ್ಕ ನೋಡಿ. ಅಲ್ಲಿನ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ವೈದ್ಯಕೀಯ ಸೇರಿದವರಲ್ಲಿ ರಿಪೀಟರ್‌ಗಳ ಪಾಲು 2016-17ರಲ್ಲಿ ಶೇ. 12ರಷ್ಟಿತ್ತು, 2020-21ಕ್ಕೆ ಶೇ. 71ಕ್ಕೆ ಏರಿತ್ತು. ಮೊದಲು ಅಲ್ಲಿ ಹನ್ನೆರಡನೇ ತರಗತಿಯ ಅಂಕದ ಮೇಲೆ ಸೀಟು ಕೊಡುತ್ತಿದ್ದರು. ನೀಟ್ ಬಂದ ಮೇಲೆ ಎರಡನೇ ಸಲ ಬರೆಯುವುದೇ ವಾಡಿಕೆಯಾಯಿತು. ಇದು ಸರಿಯೇ ಎಂದು ಕೇಳಿದರೆ, ಅಲ್ಲ ಎಂದೇ ನಾನು ಹೇಳುವುದು. ಒಂದು ವರ್ಷದ ಫೀಸು, ಹಾಸ್ಟೆಲು ಭರಿಸಲಾರದ ಮನೆಯ ಮಕ್ಕಳಿಗೆ ಇದು ಅನ್ಯಾಯ. ಆದರೆ ಅದು ವ್ಯವಸ್ಥೆಯ ಮಾತು. ನಿಮ್ಮ ಮಗಳು ಅಂಥ ವ್ಯವಸ್ಥೆಯೊಳಗೆ ಎರಡನೇ ಸಲ ಕೂರುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ತಪ್ಪು ಕಲ್ಪನೆ: “ಈ ಸಲ 520 ಬಂದಿದೆ. ಇನ್ನು ನೂರು ಸೇರಿದರೆ ಸೀಟು ಗ್ಯಾರಂಟಿ.”

ತಂದೆ ತಾಯಂದಿರು ಅತಿ ಹೆಚ್ಚು ಎಡವುವುದು ಇಲ್ಲಿ. ನೀಟ್‌ನಲ್ಲಿ ಅಂಕ ಎಂಬುದು ಆ ವರ್ಷದ ಪ್ರಶ್ನೆಪತ್ರಿಕೆಗೆ ಅಂಟಿಕೊಂಡ ಸಂಖ್ಯೆ. 2024ರ ಪರಿಷ್ಕೃತ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರೇ 17 ಜನ. ಮರುವರ್ಷ ಭೌತಶಾಸ್ತ್ರ ಮಕ್ಕಳ ಬೆವರಿಳಿಸಿತು, ಇಡೀ ದೇಶಕ್ಕೆ ಮೊದಲ ರ‍್ಯಾಂಕ್ ಪಡೆದವನ ಅಂಕವೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. 2024ರ ಅಂಕಪಟ್ಟಿ ಎದುರಿಗಿಟ್ಟುಕೊಂಡು ಗುರಿ ಹಾಕಿದ್ದ ಮನೆಗಳಲ್ಲಿ 2025ರ ಮೇ ತಿಂಗಳಿಡೀ ಸೂತಕದ ಕಳೆ. ಫಲಿತಾಂಶ ಬಂದ ಮೇಲೆ ನೋಡಿದರೆ ಎಷ್ಟೋ ಮಕ್ಕಳ ಅಂಕ ಕುಸಿದಿತ್ತು, ರ‍್ಯಾಂಕ್ ಮೇಲೇರಿತ್ತು.

ಹಾಗಾಗಿ ನೋಡಬೇಕಾದದ್ದು ರ‍್ಯಾಂಕ್. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ವರ್ಷವರ್ಷವೂ ಕಾಲೇಜುವಾರು, ವರ್ಗವಾರು ಕೊನೆಯ ರ‍್ಯಾಂಕ್ ಪ್ರಕಟಿಸುತ್ತದೆ. ನಿಮ್ಮ ವರ್ಗದಲ್ಲಿ ಸರ್ಕಾರಿ ಕಾಲೇಜಿನ ಕೊನೆಯ ರ‍್ಯಾಂಕ್ ಎಷ್ಟಿತ್ತು, ಮಗಳದ್ದು ಅಲ್ಲಿಂದ ಎಷ್ಟು ದೂರ ಎಂದು ಕಾಗದದ ಮೇಲೆ ಬರೆಯಿರಿ. ಲಾಂಗ್ ಟರ್ಮಿಗೆ ಹೋಗಬೇಕೋ ಬೇಡವೋ ಎಂಬ ಮಾತು ಆಮೇಲೆ.

ಜೊತೆಗೆ ಅವಳು ತನ್ನ ಓಎಂಆರ್ ಪ್ರತಿ, ಕೀ ಆನ್ಸರ್ ತೆಗೆದು ಕೂತುಕೊಳ್ಳಲಿ. 180 ಪ್ರಶ್ನೆ, ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದಕ್ಕೆ ಹೋಗುವುದು ನಾಲ್ಕಲ್ಲ, ಐದು. ಇಂಥವು ಇಪ್ಪತ್ತಿದ್ದರೆ ನೂರು ಅಂಕ. ಪಾಠವೇ ಅರ್ಥವಾಗದೆ ಬಿಟ್ಟವು ಎಷ್ಟು, ಓದಿದ್ದು ಮರೆತವು ಎಷ್ಟು, ಕೈತಪ್ಪಿನವು ಎಷ್ಟು? ಈ ಮೂರರ ಲೆಕ್ಕ ಅವಳೇ ಮಾಡಬೇಕು. ಅದನ್ನು ನಿಮಗೆ ವಿವರಿಸಿ ಹೇಳಬಲ್ಲ ಮಗುವಿಗೆ ಇನ್ನೊಂದು ವರ್ಷ ಧೈರ್ಯವಾಗಿ ಕೊಡಿ. “ಮುಂದಿನ ಸಲ ಚೆನ್ನಾಗಿ ಓದ್ತೀನಿ” ಎಂದಷ್ಟೇ ಹೇಳುವ ಮಗುವಿಗೆ ವರ್ಷ ಕೊಡುವ ಮುನ್ನ ಒಂದು ವಾರ ಕೊಟ್ಟು ನೋಡಿ. ನೀಟ್ ಬರೆಯುವುದು ಅವಳ ಆಸೆಯೋ, ಅಪ್ಪನ ಆಸೆಯೋ ಎಂಬುದೂ ಅಷ್ಟರಲ್ಲಿ ಹೊರಬರುತ್ತದೆ.

ತಪ್ಪು ಕಲ್ಪನೆ: “ಡ್ರಾಪ್ ತಗೊಂಡ್ರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಹೋಗುತ್ತೆ.”

ಹೋಗುವುದಿಲ್ಲ. ಶೇ. 15ರ ಗ್ರಾಮೀಣ ಮೀಸಲಾತಿ, ಶೇ. 5ರ ಕನ್ನಡ ಮಾಧ್ಯಮ ಮೀಸಲಾತಿ ಎರಡಕ್ಕೂ ಆಧಾರ ಒಂದರಿಂದ ಹತ್ತನೇ ತರಗತಿ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದಳು ಎಂಬುದು. ಪಿಯುಸಿ ಆದ ಮೇಲೆ ಕೋಟಾ ಪಟ್ಟಣದಲ್ಲೋ ಹೈದರಾಬಾದಿನಲ್ಲೋ ಒಂದು ವರ್ಷ ಕೋಚಿಂಗಿಗೆ ಹೋದರೂ ರಾಜ್ಯದ ಪಾಲಿನ ಸೀಟಿಗೆ ಬೇಕಾದ ಏಳು ವರ್ಷದ ಕರ್ನಾಟಕ ವ್ಯಾಸಂಗದ ಲೆಕ್ಕ ಬದಲಾಗುವುದಿಲ್ಲ. ಮಾಡಬೇಕಾದ ಕೆಲಸ ಇಷ್ಟೇ: ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ನೋಡಿಕೊಳ್ಳಿ. ನೀಟ್ ಅರ್ಜಿಯ ಜೊತೆ ಕೆಇಎಯಲ್ಲೂ ಹೊಸದಾಗಿ ನೋಂದಾಯಿಸಿ. ಕಳೆದ ವರ್ಷದ ನೋಂದಣಿಯೂ ನಡೆಯುವುದಿಲ್ಲ, ಕಳೆದ ವರ್ಷದ ನೀಟ್ ಅಂಕವೂ ಇಲ್ಲಿ ನಡೆಯುವುದಿಲ್ಲ.

ತಪ್ಪು ಕಲ್ಪನೆ: “ಸಿಕ್ಕಿದ ಸೀಟು ಹಿಡ್ಕೊಂಡಿರಿ. ಬೇಡ ಅನ್ನಿಸಿದ್ರೆ ಬಿಟ್ಟರಾಯ್ತು.”

ಯಾರೂ ಹೆದರಿಸದ ಕಡೆ ಎಂದೆನಲ್ಲ, ಅದು ಇದೇ. ಅಖಿಲ ಭಾರತ ಕೋಟಾದ ಕೌನ್ಸೆಲಿಂಗ್ ನಡೆಸುವ ಎಂಸಿಸಿಯ ನಿಯಮದಲ್ಲಿ ಮೊದಲ ಸುತ್ತಿನಲ್ಲಿ ಸೀಟು ಬಿಡುವುದು ಸುಲಭ, ಸುತ್ತು ಮುಂದೆ ಹೋದಂತೆಲ್ಲ ಕುಣಿಕೆ ಬಿಗಿಯಾಗುತ್ತದೆ. ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿ ಸೇರದೆ ಹೋದರೆ ಠೇವಣಿ ಹೋಗುತ್ತದೆ, ಮುಂದಿನ ವರ್ಷದ ನೀಟ್ ಬರೆಯುವ ಅವಕಾಶವೂ ಹೋಗುತ್ತದೆ. ಅಂದರೆ, ಯಾವ ವರ್ಷಕ್ಕಾಗಿ ಮನೆಯವರೆಲ್ಲ ಕೂತು ತೀರ್ಮಾನಿಸಿದಿರೋ ಆ ವರ್ಷವನ್ನೇ “ಸುಮ್ಮನೆ ಹಾಕಿ ನೋಡೋಣ” ಎಂದು ಒತ್ತಿದ ಒಂದು ಆಪ್ಷನ್ ನುಂಗಿಬಿಡುತ್ತದೆ. ಕೆಇಎಯೂ ಸೀಟು ಬಿಡುವವರಿಗೆ ತನ್ನದೇ ದಂಡದ ನಿಯಮ ಇಟ್ಟಿದೆ. ಮರುಪ್ರಯತ್ನ ಖಚಿತವೆಂದ ಮೇಲೆ ಸೇರುವ ಮನಸ್ಸಿಲ್ಲದ ಕಾಲೇಜನ್ನು ಆಪ್ಷನ್ ಪಟ್ಟಿಗೆ ಹಾಕಲೇಬೇಡಿ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಸೈಬರ್ ಸೆಂಟರಿನವನಿಗೆ ಬಿಡದೆ ನೀವೇ ಓದಿ.

ಕೈಯಲ್ಲೊಂದು ಆಧಾರ ಬೇಕು ಎನ್ನುವವರಿಗೆ ಸಿಇಟಿ ಇದೆ. ನೀಟ್ ಜೊತೆಗೇ ಅದನ್ನೂ ಬರೆಯಲಿ. ವೆಟರ್ನರಿ, ಅಗ್ರಿ, ಫಾರ್ಮಸಿ, ನರ್ಸಿಂಗ್ ಬಾಗಿಲುಗಳು ತೆರೆದಿರುತ್ತವೆ. ವೆಟರ್ನರಿಗೆ ಸೇರಿ ಸುಖವಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಡಾಕ್ಟರುಗಳಿಗಿಂತ ಹೆಚ್ಚು ನಗುತ್ತಾರೆ, ಇದು ನನ್ನ ಸ್ವಂತ ಗಣತಿ.

ತಪ್ಪು ಕಲ್ಪನೆ: “ದೊಡ್ಡ ಕೋಚಿಂಗಿಗೆ ಹಾಕಿ ಪೂರ್ತಿ ಫೀಸ್ ಕಟ್ಟಿಬಿಟ್ರೆ ಅವರೇ ನೋಡ್ಕೋತಾರೆ.”

ನನ್ನ ತಂಗಿಯ ಮಗನನ್ನು ಹಾಗೇ ಹಾಕಿದೆವು. ಜೂನ್‌ನಲ್ಲಿ ವರ್ಷದ ದುಡ್ಡು ಒಟ್ಟಿಗೆ ಕಟ್ಟಿಸಿಕೊಂಡರು. ಆಗಸ್ಟ್‌ನಲ್ಲಿ ಅಂಕದ ಮೇಲೆ ಬ್ಯಾಚು ಒಡೆದರು, ಅವನು ಕೊನೆಯ ಬ್ಯಾಚಿಗೆ ಬಿದ್ದ, ಒಳ್ಳೆಯ ಮೇಷ್ಟ್ರು ಆ ಕೋಣೆಗೆ ಬರುವುದೇ ನಿಂತಿತು. ದಸರೆಗೆ ಮನೆಗೆ ಬಂದವನು ಮತ್ತೆ ಹೋಗಲೊಪ್ಪಲಿಲ್ಲ. ಹಣ ಕೇಳಿದರೆ ರಸೀದಿಯ ಹಿಂದಿನ ಸಣ್ಣ ಅಕ್ಷರ ತೋರಿಸಿದರು. ಪುಣ್ಯಕ್ಕೆ ಹುಡುಗ ಮನೆಯಲ್ಲೇ ಓದಿ ಪರೀಕ್ಷೆ ಬರೆದ.

ಆಗ ನಮಗೆ ಹಿಡಿದು ಮಾತಾಡಲು ಏನೂ ಇರಲಿಲ್ಲ, ಈಗ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳಿಸಿದ ಕೋಚಿಂಗ್ ಮಾರ್ಗಸೂಚಿಯಲ್ಲಿ, ಮಧ್ಯದಲ್ಲಿ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಹಣವನ್ನು ಹಾಸ್ಟೆಲ್, ಮೆಸ್ ಶುಲ್ಕವೂ ಸೇರಿ 10 ದಿನದೊಳಗೆ ಮರಳಿಸಬೇಕು ಎಂದಿದೆ. ರ‍್ಯಾಂಕ್ ಗ್ಯಾರಂಟಿ ಎಂಬ ಜಾಹೀರಾತು ಕೊಡುವಂತಿಲ್ಲ ಎಂದೂ ಇದೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ನೀಟ್‌ಗೆ ಓದುತ್ತಿದ್ದ ಒಬ್ಬ ಹುಡುಗಿಯ ಸಾವಿನ ಪ್ರಕರಣದಲ್ಲಿ, ಅಂಕದ ಮೇಲೆ ಬ್ಯಾಚು ಒಡೆಯುವುದನ್ನೂ ಎಲ್ಲರೆದುರು ಅವಮಾನಿಸುವುದನ್ನೂ ಬಿಡಬೇಕೆಂದು ಕೋಚಿಂಗ್ ಸಂಸ್ಥೆಗಳಿಗೆ ಸೂಚಿಸಿತು. ಫೀಸು ಕಟ್ಟುವ ಮುನ್ನ ಈ ಎರಡನ್ನೂ ಬಾಯಿಬಿಟ್ಟು ಕೇಳಿ. ಉತ್ತರ ಹೇಳುವಾಗ ಅವರ ಮುಖ ನೋಡಿದರೆ ನಿಮಗೆ ಬೇಕಾದ್ದು ತಿಳಿಯುತ್ತದೆ. ದುಡ್ಡನ್ನು ಮಾತ್ರ ಕಂತಿನಲ್ಲೇ ಕಟ್ಟಿ.

ತಪ್ಪು ಕಲ್ಪನೆ: “ದಿನಕ್ಕೆ ಹದಿನಾರು ಗಂಟೆ ಓದಿಸಬೇಕು.”

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದೇ ಪಾಠವನ್ನು ಕೆಲವರು ನಾಲ್ಕು ಅವಧಿ ಓದಿದರು. ಇನ್ನು ಕೆಲವರು ಒಂದು ಅವಧಿ ಓದಿ, ಮೂರು ಅವಧಿ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ವಾರ ಕಳೆದ ಮೇಲೆ ಕೇಳಿದಾಗ ಓದಿದವರಿಗೆ ಶೇ. 40ರಷ್ಟು ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ. 61ರಷ್ಟು. ಮಗಳು ಪುಸ್ತಕ ಮುಚ್ಚಿಟ್ಟು ಗೋಡೆ ನೋಡುತ್ತಾ ಕೂತಿದ್ದಾಳೆಂದರೆ ಅವಳು ಓದುತ್ತಿಲ್ಲ ಎಂದೇನಲ್ಲ. ಬಾಗಿಲು ಸಂದಿಯಿಂದ ಇಣುಕಿ ನೋಡುವ ಅಪ್ಪಂದಿರಿಗೆ ಈ ಮಾತು.

ಇನ್ನೊಂದು, ಪರೀಕ್ಷೆ ಇರುವುದು ಮಧ್ಯಾಹ್ನ 2ರಿಂದ 5. ರಾತ್ರಿಯೆಲ್ಲ ಓದಿ ಮಧ್ಯಾಹ್ನ ಉಂಡು ಮಲಗುವ ರೂಢಿ ಮಾಡಿಕೊಂಡ ದೇಹಕ್ಕೆ ಅದು ಸರಿಯಾಗಿ ನಿದ್ದೆಯ ಹೊತ್ತು. ಫೆಬ್ರುವರಿಯಿಂದಾದರೂ ಮಾಕ್ ಟೆಸ್ಟನ್ನು ಆ ಹೊತ್ತಿಗೇ ಬರೆಯಲಿ. ಆ ಮೂರು ಗಂಟೆ ಮನೆಯ ಟಿವಿ ಬಾಯಿ ಮುಚ್ಚಿರಲಿ.

ತಪ್ಪು ಕಲ್ಪನೆ: “ನಾವು ಏನೂ ಒತ್ತಡ ಹಾಕಿಲ್ಲ, ಒಂದು ಮಾತೂ ಆಡಿಲ್ಲ.”

ನಿಮ್ಮ ಮೌನ ಅವಳಿಗೆ ಹಾಗೆ ಕೇಳಿಸುವುದಿಲ್ಲ. ಗೆಳತಿಯರೆಲ್ಲ ಕಾಲೇಜಿನ ಫೋಟೋ ಹಾಕುತ್ತಿರುವ ವರ್ಷ ಅದು. ಮದುವೆ, ಗೃಹಪ್ರವೇಶಕ್ಕೆ ಹೋದರೆ “ಏನ್ ಓದ್ತಿದೀಯಮ್ಮ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಅವಳಿಗಿಂತ ಮುಂಚೆ ನೀವು ಬಾಯಿ ತೆರೆದು, “ನೀಟ್‌ಗೆ ಓದ್ತಿದ್ದಾಳೆ” ಎಂದು ಗಟ್ಟಿಯಾಗಿ ಹೇಳಿ ಮಾತು ಬದಲಿಸಿ. “ನಿನಗಾಗಿ ಇಷ್ಟು ಲಕ್ಷ ಸುರಿದಿದ್ದೀವಿ” ಎಂಬ ವಾಕ್ಯ ಮನೆಯಲ್ಲಿ ಹುಟ್ಟಲೇಬಾರದು. ಖರ್ಚಿನ ಲೆಕ್ಕವನ್ನು ಜೂನ್‌ನಲ್ಲೇ ಅವಳೆದುರು ಬಿಚ್ಚಿಟ್ಟು, ಇಷ್ಟು ನಮ್ಮ ಕೈಲಾಗುತ್ತೆ, ಸೀಟು ಆಗದಿದ್ದರೆ ಮುಂದೆ ಇದು ದಾರಿ ಎಂದು ಒಮ್ಮೆ ಮಾತಾಡಿ ಮುಗಿಸಿಬಿಡಿ.

ಕೋಟಾದಲ್ಲಿ ವಿದ್ಯಾರ್ಥಿಗಳ ಸಾವು ಏರುತ್ತಾ ಹೋಗಿ 2023ರ ಆಗಸ್ಟ್‌ನಲ್ಲಿ ಜಿಲ್ಲಾಡಳಿತ ಎರಡು ತಿಂಗಳು ಕೋಚಿಂಗ್ ಟೆಸ್ಟುಗಳನ್ನೇ ನಿಲ್ಲಿಸಬೇಕಾಯಿತು. ಮಗು ಊಟ ಬಿಟ್ಟರೆ, ವಾರಗಟ್ಟಲೆ ನಿದ್ದೆ ಮಾಡದಿದ್ದರೆ, “ನಾನಿಲ್ಲದಿದ್ರೆ ನಿಮಗೆ ಒಳ್ಳೇದಿತ್ತು” ಎಂಬಂಥ ಮಾತು ಬಂದರೆ ಪುಸ್ತಕ ಪಕ್ಕಕ್ಕಿಡಿಸಿ, ಜೊತೆಯಲ್ಲೇ ಇದ್ದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಅಪ್ಪ ಅಮ್ಮನೂ ಮಾಡಬಹುದು.

ಮುಂದಿನ ಮೇ ತಿಂಗಳ ಆ ಭಾನುವಾರ ನಿಮಗೆ ಉಳಿಯುವ ಕೆಲಸ ಸಣ್ಣದು. ತೆಳು ಬಟ್ಟೆ, ಅರ್ಧ ತೋಳು, ಶೂ ಬೇಡ ಚಪ್ಪಲಿ, ಪ್ರವೇಶಪತ್ರ, ಫೋಟೋ, ಗುರುತಿನ ಚೀಟಿ. ಗೇಟು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ, ಆಮೇಲೆ ಯಾರು ಕೈಮುಗಿದರೂ ತೆರೆಯುವುದಿಲ್ಲ. ಬೇಗ ಹೊರಡಿ.