ಮೇಳದ ದನಿಗೂ ಒಂದು ಮೈಕು
ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಬಂದ ಚಕ್ಕಡಿ, ಟ್ರ್ಯಾಕ್ಟರುಗಳು ಗುಡ್ಡದ ಮೈತುಂಬ. ಮೂರು ಕಲ್ಲಿನ ಒಲೆಗಳ ಹೊಗೆ, ಗಾಳಿಗೆ ತೂರಿದ ಭಂಡಾರ, ಎತ್ತ ತಿರುಗಿದರೂ 'ಉಧೋ ಉಧೋ'. ಈ ಗದ್ದಲದ ನಡುವೆಯೇ ದಾರಿಬದಿಯಲ್ಲಿ ಚೌಡಿಕೆ ಮೇಳ ಕೂತಿರುತ್ತದೆ.

ಕೊಳಗದಂಥ ಮರದ ಪಾತ್ರೆ, ತಳಕ್ಕೆ ಬಿಗಿದ ತೊಗಲು, ಅದರ ನಡುವಿನಿಂದ ಮೇಲಿನ ಕೋಲಿಗೆ ಎಳೆದ ತಂತಿ. ಚೌಡಿಕೆ ಎಂದರೆ ಇಷ್ಟೇ. ಆದರೆ ಮೀಟಿದಾಗ ಶ್ರುತಿಯೂ ಅದೇ, ತಾಳವೂ ಅದೇ. ಯಲ್ಲಮ್ಮನ ಸೇವೆಗೆ ನಿಂತ ಜೋಗತಿಯೊಬ್ಬರು ಮುಂದೆ ಕೂತು ನುಡಿ ಎತ್ತುತ್ತಾರೆ. ಅವರ ಉಸಿರು ತೀರುವ ಮೊದಲೇ ಹಿಂದಿನವರು ಕೊನೆಯ ಅಕ್ಷರ ಹಿಡಿದು ಪಲ್ಲಕ್ಕೆ ಎಳೆದೊಯ್ಯುತ್ತಾರೆ. ಒಂದು ದನಿ ಬಿರುಸು, ಒಂದು ತುಸು ಮೇಲೆ, ಇನ್ನೊಂದರಲ್ಲಿ ಸಣ್ಣ ನಡುಕ. ಅವು ಕೂಡಿ ಹಾಡುತ್ತವೆ, ಕರಗಿಹೋಗುವುದಿಲ್ಲ. ನನಗೆ ಚೌಡಿಕೆ ಪದದ ಜೀವ ಇರುವುದೇ ಇಲ್ಲಿ.

ದನಿಗಳು ಹೀಗೆ ಕರಗದೆ ಕೂಡುವುದನ್ನು ಕೇಳಿದಾಗ ನನಗೆ ದೂರದ ಇನ್ನೊಂದು ಮೇಳ ನೆನಪಾಗುತ್ತದೆ. ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೆ ಮೆಸ್ಯಾನ್ 1948ರಲ್ಲಿ ಹನ್ನೆರಡೇ ಗಾಯಕರಿಗೆಂದು, ವಾದ್ಯವಿಲ್ಲದೆ, ಪಲ್ಲ ಮರಳಿ ಮರಳಿ ಬರುವ ಐದು ಹಾಡು ಕಟ್ಟಿದರು. ಅವರ ಲಯಕ್ಕೆ ಒಂದು ಮೂಲ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದ 120 ದೇಶಿ ತಾಳಗಳು. ಶಾರ್ಙ್ಗದೇವ 13ನೇ ಶತಮಾನದಲ್ಲಿ ದೇವಗಿರಿಯ ದೊರೆ ಸಿಂಘಣನ ಆಶ್ರಯದಲ್ಲಿದ್ದವನು. ಸವದತ್ತಿಯಿಂದ ಆಳಿದ್ದ ರಟ್ಟರ ರಾಜ್ಯ ಮುಗಿದದ್ದೂ ಆ ಸಿಂಘಣನ ಕಾಲದಲ್ಲೇ. ಆಸ್ಥಾನದಲ್ಲಿ ಬರೆದಿಟ್ಟ ತಾಳ ಪ್ಯಾರಿಸ್ ಮುಟ್ಟಿತು. ಗುಡ್ಡದ ಹಾಡು ಬಾಯಿಂದ ಬಾಯಿಗೆ ದಾಟಿತು.

ಮೆಸ್ಯಾನರ ಹಾಡುಗಳ ಒಳ್ಳೆಯ ಧ್ವನಿಮುದ್ರಣದಲ್ಲಿ ಹನ್ನೆರಡು ಗಂಟಲುಗಳ ದಾರಿಯೂ ಬೇರೆ ಬೇರೆಯಾಗಿ ಕಿವಿಗೆ ಸಿಗುತ್ತದೆ. ನಮ್ಮ ಎಷ್ಟೋ ಯಲ್ಲಮ್ಮನ ಪದಗಳ ಕ್ಯಾಸೆಟ್ಟುಗಳಲ್ಲಿ ಮುಂದಿನ ದನಿ ಮಾತ್ರ ಎದ್ದು ಕೇಳುತ್ತದೆ. ಮೇಳ ಕೀಬೋರ್ಡಿನ ಅಡಿ ಹೂತುಹೋಗಿರುತ್ತದೆ. ಕೇಳುವಾಗ ಹೊಟ್ಟೆ ಉರಿಯುತ್ತದೆ.

ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು, ನಿಷೇಧಿಸಲೇಬೇಕಿತ್ತು. ಆ ಅನ್ಯಾಯ ಉಂಡ ಹೆಂಗಸರೂ ಈ ಚೌಡಿಕೆ ಹಾಡನ್ನು ಕಾಪಾಡಿದವರು. ಅವರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಧಾರವಾಡ ಆಕಾಶವಾಣಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರು ಗುಡ್ಡಕ್ಕೇ ಬಂದು ಧ್ವನಿಮುದ್ರಿಸಲಿ. ಹಿಂದೆ ಹಾಡುವ ಪ್ರತಿಯೊಬ್ಬರ ಮುಂದೂ ಮೈಕು ಇರಲಿ, ಹಾಡಿದ ಎಲ್ಲರ ಹೆಸರೂ ದಾಖಲಾಗಲಿ, ಸಂಭಾವನೆ ಎಲ್ಲರ ಕೈಗೂ ಸೇರಲಿ.