ಕುದಿತವೂ ಭೂಮಿಯ ಸೆಳೆತವೂ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ನಾವೆಲ್ಲರೂ ಕಂಡವರೇ. ಕೊಪ್ಪರಿಗೆಯ ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆಯು ಹಗುರವಾದುದರಿಂದ ಮೇಲೇರುತ್ತದೆ. ಅದು ತೆರವು ಮಾಡಿದ ಸ್ಥಳಕ್ಕೆ ಕಡಿಮೆ ಬಿಸಿಯ ದ್ರವವು ಇಳಿದು ಬರುತ್ತದೆ. ಆದುದರಿಂದ ಈ ಕುದಿತವನ್ನು ನಡೆಸುವುದು ಬೆಂಕಿಯೊಂದೇ ಅಲ್ಲ, ಭೂಮಿಯ ಸೆಳೆತವೂ ಹೌದು.

ಆ ಸೆಳೆತದ ಪರಿಣಾಮವೇ ತೋರದಂತಾದರೆ? ಅದನ್ನರಿಯಲು ಮುಕ್ತ ಪತನವೇ ದಾರಿ. ಸುಮಾರು 52 ಮೀಟರು ಎತ್ತರದ ಗೋಕಾಕ ಜಲಪಾತದಷ್ಟು ದೂರ, ಗಾಳಿಯ ತಡೆಯಿಲ್ಲದೆ ಬೀಳುವ ವಸ್ತುವು 3 ಸೆಕೆಂಡಿಗಿಂತ ತುಸು ಹೆಚ್ಚು ಕಾಲ ತೂಕವಿಲ್ಲದಂತಿರುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿರುವ ನಿರ್ವಾತ ಬಾವಿಯಲ್ಲಿ 132 ಮೀಟರು ಬೀಳುವಾಗ ದೊರೆಯುವ ಅವಧಿ 5 ಸೆಕೆಂಡಿಗೆ ತುಸು ಮೇಲೆ. ಭೂಮಿಯನ್ನು ಸುತ್ತುವ ನೌಕೆಯಾದರೋ ಸದಾ ಬೀಳುತ್ತಲೇ ಇರುತ್ತದೆ.

1992ರಲ್ಲಿ ಬಾಹ್ಯಾಕಾಶ ಷಟಲ್‌ನಲ್ಲಿಯೂ, 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಈ ಕುರಿತು ಪ್ರಯೋಗಗಳು ನಡೆದವು. ಅಲ್ಲಿ ಗುಳ್ಳೆಗಳಿಗೆ ಮೇಲೆ ಕೆಳಗೆ ಎಂಬುದಿಲ್ಲ; ಅವು ಒಂದರೊಡನೊಂದು ಕೂಡಿ, ದೊಡ್ಡದಾಗಿ, ಬಿಸಿ ತಳದ ಬಳಿಯೇ ಉಳಿಯುತ್ತವೆ. ಆವಿಯು ತಳವನ್ನು ಮುಚ್ಚಿದರೆ ದ್ರವವು ತಾಗದೆ ಲೋಹವು ಮಿತಿಮೀರಿ ಕಾಯುವುದು. ಆದ್ದರಿಂದ ನೌಕೆಯ ಯಂತ್ರಗಳನ್ನು ಕುದಿತದಿಂದ ತಣಿಸಬೇಕಾದರೆ, ದ್ರವವನ್ನು ಪಂಪಿನಿಂದ ಹರಿಸಿ ಗುಳ್ಳೆಗಳನ್ನು ಸರಿಸುವಂತಹ ಉಪಾಯ ಬೇಕಾಗುತ್ತದೆ.

ಕೊಪ್ಪರಿಗೆಯ ಮುಂದೆ ನಿಂತ ಬಾಲಕನಿಗೆ ಗುಳ್ಳೆಯು ಏಕೆ ಮೇಲೇರುತ್ತದೆಂದು ಕೇಳುವ ಗುರುವು, ಅವನನ್ನು ಅಂತರಿಕ್ಷದ ಬಾಗಿಲಿಗೇ ಕರೆದೊಯ್ದಂತೆ.